ಮುದಿ ಅಶ್ವದ ಅಂತ್ಯಕಾಲವೂ ಶ್ರಾವಕನ ಧರ್ಮವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಮೂರನೆಯವರಾದ ಶ್ರೀ ಸಂಭವನಾಥ ಸ್ವಾಮಿಯ ಲಾಂಛನವು ಕುದುರೆ. ಜಿನಬಿಂಬದ ಪೀಠದ ಮೇಲೆ ಕೆತ್ತಿರುವ ಆ ಪುಟ್ಟ ಅಶ್ವವನ್ನು ನೋಡಿಯೇ ಭಕ್ತರು ಸ್ವಾಮಿಯನ್ನು ಗುರುತಿಸುತ್ತಾರೆ. ಹೊಸ ಬಸದಿಯಲ್ಲಿ ಬಿಂಬಪ್ರತಿಷ್ಠೆಯಾಗಿ ಊರೆಲ್ಲ ಸಂಭ್ರಮದಲ್ಲಿರುವ ಈ ಶುಭಸಂದರ್ಭದಲ್ಲಿ, ಪೀಠದ ಮೇಲೆ ಇಂತಹ ಗೌರವವನ್ನು ಪಡೆದ ಪ್ರಾಣಿಗೆ ಬೀದಿಯಲ್ಲಿಯೂ ಸಂತೆಯಲ್ಲಿಯೂ ಯಾವ ಸ್ಥಾನ ದೊರೆಯುತ್ತಿದೆಯೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಅದರಲ್ಲಿಯೂ ವಯಸ್ಸಾಗಿ, ಕಾಲು ಸೋತು, ಹರಾಜಿಗೆ ಬಂದ ಕುದುರೆಯನ್ನು ಬಿಡಿಸಿಕೊಂಡು ತಂದ ದಯಾವಂತನಿಗೆ ಕೊನೆಯಲ್ಲಿ ಎದುರಾಗುವ ಕಠಿಣವಾದ ಪ್ರಶ್ನೆಯೊಂದಿದೆ. ಅದನ್ನು ಸಮಾಜವು ಶಾಂತಚಿತ್ತದಿಂದ ಆಲೋಚಿಸಬೇಕಾಗಿದೆ.

ಗೋವಿಗೆ ಗೋಶಾಲೆಗಳುಂಟು. ಮುಂಬಯಿಯಲ್ಲಿ 1834ರಲ್ಲಿಯೇ ಪಿಂಜರಾಪೋಲ್ ಸ್ಥಾಪನೆಯಾಯಿತು; ನಮ್ಮ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿಯೂ ಒಂದು ಪಿಂಜರಾಪೋಲ್ ಇದೆ. ಆದರೆ ಕುದುರೆಯ ಪಾಡು ಬೇರೆ. ಅದು ಹಾಲು ಕೊಡುವುದಿಲ್ಲ. ಓಡುವವರೆಗೆ, ಎಳೆಯುವವರೆಗೆ ಮಾತ್ರ ಅದಕ್ಕೆ ಬೆಲೆ. ಒಳ್ಳೆಯ ಸಾಕಣೆಯಲ್ಲಿ ಕುದುರೆಯು ಇಪ್ಪತ್ತೈದು ಮೂವತ್ತು ವರ್ಷ ಬದುಕಬಲ್ಲುದು. ಪಂದ್ಯಕ್ಕೋ ಸವಾರಿಗೋ ಅದು ಉಪಯೋಗಕ್ಕೆ ಬರುವ ಕಾಲವಾದರೋ ಅದರಲ್ಲಿ ಒಂದು ಭಾಗ ಮಾತ್ರ. ಉಳಿದ ವರ್ಷಗಳಲ್ಲಿ ಅದು ಕೈಯಿಂದ ಕೈಗೆ ಮಾರಲ್ಪಡುತ್ತದೆ. ಪ್ರತಿಯೊಂದು ಮಾರಾಟದಲ್ಲಿಯೂ ಬೆಲೆ ಇಳಿಯುತ್ತದೆ, ಹೊರೆ ಏರುತ್ತದೆ, ಮೇವು ಕಡಿಮೆಯಾಗುತ್ತದೆ. ದಯೆಯಿಂದ ಮಾಡಿದ ನಿಯಮವೂ ಈ ಪ್ರಶ್ನೆಯನ್ನು ಎಬ್ಬಿಸಬಹುದು. ಮುಂಬಯಿಯಲ್ಲಿ ವಿನೋದವಿಹಾರಕ್ಕಾಗಿ ಓಡಿಸುತ್ತಿದ್ದ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಗಾಡಿ ನಿಂತ ಬಳಿಕ ಗಾಡಿಯವನ ಜೀವನವೇನು, ಕುದುರೆಯ ಗತಿಯೇನು ಎಂಬುದನ್ನು ಯಾರಾದರೂ ನೋಡಲೇಬೇಕಾಗುತ್ತದೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ಹೇಳಿರುವುದು ಎಲ್ಲರಿಗೂ ತಿಳಿದ ವಿಷಯ. ಪ್ರಾಣಿಯನ್ನು ಬಿಗಿಯಾಗಿ ಕಟ್ಟುವುದು ಬಂಧ, ಹೊಡೆಯುವುದು ವಧ, ಅಂಗವನ್ನು ಕತ್ತರಿಸುವುದು ಛೇದ, ಶಕ್ತಿಗೆ ಮೀರಿ ಹೊರೆ ಹೇರುವುದು ಅತಿಭಾರಾರೋಪಣ, ಹೊತ್ತಿಗೆ ಸರಿಯಾಗಿ ನೀರು ಮೇವುಗಳನ್ನು ಕೊಡದಿರುವುದು ಅನ್ನಪಾನನಿರೋಧ. ಮುದಿ ಕುದುರೆಯೊಂದರ ಮೈಯನ್ನು ಪರೀಕ್ಷಿಸಿದರೆ ಈ ಐದೂ ಅತಿಚಾರಗಳ ಗುರುತುಗಳನ್ನು ಅಲ್ಲಿಯೇ ಓದಬಹುದು. ಹಗ್ಗ ಉಜ್ಜಿ ಕೂದಲುದುರಿದ ಕಾಲು, ಚಾವಟಿಯ ಬಾಸುಂಡೆ, ಸೀಳಿದ ಬಾಯಂಚು, ಹೊರೆಯಿಂದ ಹುಣ್ಣಾದ ಬೆನ್ನು, ಎಣಿಸಲು ಬರುವಂತಹ ಪಕ್ಕೆಲುಬು. ಮನಸ್ಸುಳ್ಳ ಪಂಚೇಂದ್ರಿಯ ಜೀವಿಯಾದ ಅಶ್ವವು ಇವೆಲ್ಲವನ್ನೂ ಅನುಭವಿಸುತ್ತದೆ, ನೆನಪಿನಲ್ಲಿಡುತ್ತದೆ. ಹೇಳಲು ಮಾತ್ರ ಬಾರದು.

ಇಂತಹ ಕುದುರೆಗಳನ್ನು ಬಿಡಿಸುವ ಕಾರ್ಯದಲ್ಲಿ ಪ್ರಪಂಚಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯು ಈಜಿಪ್ಟ್ ದೇಶದ್ದು. ಆ ಭೂಮಿ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಪ್ರಾಂತಗಳಲ್ಲಿ ಸೇವೆ ಸಲ್ಲಿಸಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗದಲ್ಲಿ ಜೋಧಪುರದ ದಳದೊಡನೆ ಹೋರಾಡಿತು. ದಿಲ್ಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬನು ಮೈಸೂರಿನ ಪ್ರತಿನಿಧಿ. ಯುದ್ಧದಲ್ಲಿ ಮಡಿದ ಯೋಧರಿಗೆ ಸ್ಮಾರಕಗಳಾದುವು. ಆದರೆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯವು ತನ್ನ ಸಾವಿರಾರು ಕುದುರೆಗಳನ್ನು ಸ್ವದೇಶಕ್ಕೆ ಕೊಂಡೊಯ್ಯದೆ ಈಜಿಪ್ಟಿನಲ್ಲಿಯೇ ಮಾರಿಬಿಟ್ಟಿತು. ಸೇನಾನಿಗಳನ್ನು ಹೊತ್ತ ಪ್ರಾಣಿಗಳು ಕಲ್ಲು ಗಣಿಗಳ ಬಂಡಿಗಳಿಗೂ ಬೀದಿಯ ಹೇರುಗಾಡಿಗಳಿಗೂ ಕಟ್ಟಲ್ಪಟ್ಟವು.

1930ರಲ್ಲಿ ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆಯು, ಸೈನ್ಯಾಧಿಕಾರಿಯಾಗಿದ್ದ ಪತಿಯೊಡನೆ ಕೈರೋ ನಗರಕ್ಕೆ ಬಂದರು. ಯುದ್ಧ ಮುಗಿದು ಹನ್ನೆರಡು ವರ್ಷಗಳಾಗಿದ್ದರೂ ಆ ಹಳೆಯ ಕುದುರೆಗಳು ಇನ್ನೂ ದುಡಿಯುತ್ತಿದ್ದವು. ಮೂಳೆ ಚಕ್ಕಳವಾಗಿ, ಕೆಲವು ಕುರುಡಾಗಿ, ಕುಂಟುತ್ತ ಬಂಡಿ ಎಳೆಯುತ್ತಿದ್ದವು. ಓಲ್ಡ್ ಬಿಲ್ ಎಂದು ಹೆಸರಾದ ಒಂದು ಮುದಿ ಕುದುರೆಯನ್ನು ಆಕೆ ಕೊಂಡು, ಕೆಲವು ದಿನ ವಿಶ್ರಾಂತಿ ಕೊಟ್ಟು, ಅನಂತರ ನೋವಿಲ್ಲದಂತೆ ಅದರ ಬಾಳನ್ನು ಮುಗಿಸಿದರು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಆಕೆ ಬರೆದ ಪತ್ರವನ್ನು ಓದಿ ಜನರು ಹಣ ಕಳುಹಿಸಿದರು. ಆ ಹಣದಿಂದ ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡು ಬಿಡಿಸಿದರು. 1934ರಲ್ಲಿ ಕೈರೋದಲ್ಲಿ ಬಡವರ ದುಡಿಯುವ ಕುದುರೆ, ಕತ್ತೆಗಳಿಗೆ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಯನ್ನು ಸ್ಥಾಪಿಸಿದರು. 1955ರಲ್ಲಿ ಆಕೆ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯು ಇಂದು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಕೆಲಸ ಮಾಡುತ್ತಿದೆ.

ಈ ವೃತ್ತಾಂತದಲ್ಲಿ ಜೈನ ಶ್ರೋತೃವು ತಡೆದು ನಿಲ್ಲುವ ಸ್ಥಳವೊಂದುಂಟು. ಬಿಡಿಸಿದ ಆ 5,000 ಕುದುರೆಗಳಲ್ಲಿ ಹೆಚ್ಚಿನವು ಬದುಕುವ ಸ್ಥಿತಿಯಲ್ಲಿರಲಿಲ್ಲ. ಅವುಗಳಿಗೆ ಮೆತ್ತನೆಯ ಹಾಸು, ಶುದ್ಧವಾದ ನೀರು, ತಿನ್ನಬಲ್ಲಷ್ಟು ಆಹಾರ ದೊರೆತದ್ದು ಕೆಲವೇ ದಿನ. ಆಮೇಲೆ ಅವುಗಳಿಗೆ ಮರಣವನ್ನು ಕೊಡಲಾಯಿತು. ಆಕೆಯ ಕರುಣೆಯನ್ನು ಯಾರೂ ಸಂದೇಹಿಸಲಾರರು. ತನಗೆ ಯಾವ ಸಂಬಂಧವೂ ಇಲ್ಲದ ಪ್ರಾಣಿಗಳಿಗಾಗಿ ದುಃಖಪಟ್ಟು, ಒಂದೊಂದರ ಮುಂದೆಯೂ ನಿಂತು ನಿರ್ಣಯಿಸಿದ ಹೃದಯವದು. ಆದರೂ ಪ್ರಾಣಹರಣವು ಪ್ರಾಣಹರಣವೇ ಅಲ್ಲವೇ ಎಂಬ ಪ್ರಶ್ನೆ ಶ್ರಾವಕನ ಮನಸ್ಸಿನಲ್ಲಿ ಏಳುತ್ತದೆ. ಏಳಲೇಬೇಕು.

ಎಲ್ಲ ಕುದುರೆಗಳ ಕಥೆಯೂ ಹೀಗೆ ಬೇಗ ಮುಗಿಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ನ್ಯೂ ಹಾಲೆಂಡ್ ಎಂಬ ಊರಿನ ಹರಾಜಿಗೆ 1956ರಲ್ಲಿ ಹ್ಯಾರಿ ಡಿ ಲೇಯರ್ ಎಂಬ ಸವಾರಿಶಿಕ್ಷಕನು ತಡವಾಗಿ ಹೋದನು. ಮಾರಾಟವಾಗದೆ ಉಳಿದ ಕುದುರೆಗಳನ್ನು ಕಸಾಯಿಖಾನೆಯ ಲಾರಿಗೆ ಏರಿಸಿಯಾಗಿತ್ತು. ಅದರಲ್ಲಿದ್ದ ಬಿಳಿಯ ಕುದುರೆಯೊಂದನ್ನು ಅವನು 80 ಡಾಲರುಗಳಿಗೆ ಬಿಡಿಸಿಕೊಂಡನು. ನೇಗಿಲಿಗೆ ಕಟ್ಟಿ ದುಡಿಸಿದ್ದ ಆ ಪ್ರಾಣಿಯನ್ನು ನೆರೆಯವನಿಗೆ ಮಾರಿದರೆ, ಅದು ಬೇಲಿಗಳನ್ನು ನೆಗೆದು ಹಿಂತಿರುಗಿ ಬಂದಿತು. ಸ್ನೋಮ್ಯಾನ್ ಎಂದು ಹೆಸರು ಪಡೆದ ಆ ಕುದುರೆಯು ಎರಡು ವರ್ಷಗಳಲ್ಲಿ ಆ ದೇಶದ ನೆಗೆತದ ಸ್ಪರ್ಧೆಗಳಲ್ಲಿ ಅಗ್ರಸ್ಥಾನಕ್ಕೇರಿತು. ಆದರೆ ಅದಕ್ಕೂ ಮುಪ್ಪು ಬಂತು. 1974ರಲ್ಲಿ ಮೂತ್ರಪಿಂಡಗಳು ಕೆಟ್ಟಾಗ, ಲಾರಿಯಿಂದ ಇಳಿಸಿ ತಂದ ಯಜಮಾನನೇ ಅದರ ಕೊನೆಯನ್ನೂ ನಿರ್ಣಯಿಸಬೇಕಾಯಿತು. ಹರಾಜಿನಲ್ಲಿ ಪ್ರಾಣಿಯನ್ನು ಬಿಡಿಸಿಕೊಂಡವನು ಅದರ ಮರಣಕಾಲದ ಹೊಣೆಯನ್ನೂ ಅಂದೇ ಕೊಂಡುಕೊಂಡಿರುತ್ತಾನೆ.

ವ್ಯಾಪಾರ ಬಲ್ಲ ಸಮಾಜಕ್ಕೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಾಜಿನಲ್ಲಿ ಕೊಟ್ಟ ಹಣವು ಒಟ್ಟು ಖರ್ಚಿನಲ್ಲಿ ಅತ್ಯಲ್ಪ. ಮುಂದಿನ ವರ್ಷಗಳ ಮೇವು, ಲಾಳ, ಔಷಧ, ಆಳಿನ ಸಂಬಳಗಳೇ ನಿಜವಾದ ಖರ್ಚು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ದಯೆಗಾಗಿ ಕೊಳ್ಳುವವರು ಬರುತ್ತಾರೆಂದು ತಿಳಿದರೆ ದಲ್ಲಾಳಿಯು ಬೆಲೆಯನ್ನು ಏರಿಸುತ್ತಾನೆ. ಬಂದ ಲಾಭದಿಂದ ಇನ್ನೆರಡು ಮುದಿ ಪ್ರಾಣಿಗಳನ್ನು ತಂದು ನಿಲ್ಲಿಸುತ್ತಾನೆ. ಆದುದರಿಂದ ಸಂತೆಯಲ್ಲಿ ಕೊಳ್ಳುವುದಕ್ಕಿಂತ, ಯಜಮಾನನ ಮನೆಯಲ್ಲಿರುವಾಗಲೇ ಅವನಿಗೆ ನೆರವಾಗಿ, ಪ್ರಾಣಿಯು ಸಂತೆಗೆ ಹೋಗದಂತೆ ತಡೆಯುವುದು ಹೆಚ್ಚು ಫಲಕಾರಿ. ಡೊರೊಥಿ ಬ್ರೂಕ್ ಅವರು ಕೊಳ್ಳುವ ಕಾರ್ಯದಿಂದ ಆಸ್ಪತ್ರೆಯ ಕಾರ್ಯಕ್ಕೆ ಸಾಗಿದುದರಲ್ಲಿಯೂ ಈ ವಿವೇಕವು ಕಾಣುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾದುವು. ಕುದುರೆಯನ್ನು ಬಿಡಿಸುವುದು ಅಭಯದಾನ. ಆದರೆ ಆಹಾರದಾನವನ್ನು ತಿಳಿವಳಿಕೆಯಿಲ್ಲದೆ ಮಾಡಿದರೆ ಅದೇ ಪ್ರಾಣಕ್ಕೆ ಮುಳುವಾಗುತ್ತದೆ. ಬಹುಕಾಲ ಹಸಿದ ಕುದುರೆಗೆ ಮರುಕದಿಂದ ಒಮ್ಮೆಲೇ ಹುರುಳಿ, ಕಡಲೆ, ಧಾನ್ಯಗಳನ್ನು ಯಥೇಚ್ಛವಾಗಿ ಇಕ್ಕಿದರೆ ಕೆಲವೇ ದಿನಗಳಲ್ಲಿ ಅದು ಸಾಯಬಹುದು. ಒಳ್ಳೆಯ ಹುಲ್ಲನ್ನು, ಕುದುರೆಮಸಾಲೆ ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ, ಪಶುವೈದ್ಯರ ಸಲಹೆಯಂತೆ ಕೊಟ್ಟು ಕ್ರಮೇಣ ಹೆಚ್ಚಿಸಬೇಕು. ಮುದಿ ಕುದುರೆಯ ಹಲ್ಲು ಸವೆದು ಹುಲ್ಲನ್ನು ಅಗಿಯಲಾರದೆ ಉಂಡೆ ಮಾಡಿ ಉಗುಳುವುದುಂಟು. ಅದಕ್ಕೆ ನೆನೆಸಿದ ಮೆತ್ತನೆಯ ಆಹಾರ ಬೇಕು. ಬೆಳೆದ ಗೊರಸನ್ನು ಕಾಲಕಾಲಕ್ಕೆ ಕತ್ತರಿಸಿ ಸಮ ಮಾಡಿಸಬೇಕು. ಈ ತಿಳಿವಳಿಕೆಯನ್ನು ಗಾಡಿಯವನಿಗೆ ಹೇಳಿಕೊಟ್ಟರೆ ಅದೂ ಒಂದು ಬಗೆಯ ಶಾಸ್ತ್ರದಾನವೇ ಸರಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಅಂತ್ಯಕಾಲವು ಬರುತ್ತದೆ. ಕುದುರೆಯ ದೇಹರಚನೆಯಿಂದಾಗಿ ಅದರ ಅಂತ್ಯಕಾಲವು ವಿಶೇಷ ಕಷ್ಟದ್ದು. ನಾನೂರು ಐನೂರು ಕಿಲೋ ತೂಕದ ಆ ದೇಹವು ನಿಂತಿರಲೆಂದೇ ನಿರ್ಮಿತವಾದದ್ದು. ಏಳಲಾರದೆ ಬಹಳ ಹೊತ್ತು ಒಂದೇ ಮಗ್ಗುಲಿಗೆ ಬಿದ್ದರೆ ಅದರ ಭಾರವೇ ಅದರ ಸ್ನಾಯುಗಳನ್ನೂ ಶ್ವಾಸಕೋಶವನ್ನೂ ಒತ್ತಿ ಕೆಡಿಸುತ್ತದೆ, ಹುಣ್ಣುಗಳಾಗುತ್ತವೆ. ಕಾಲಿನ ದೊಡ್ಡ ಮೂಳೆ ಮುರಿದರೆ ಕೂಡಿಸುವುದು ಬಹಳ ಸಲ ಅಸಾಧ್ಯ. ಕುದುರೆಗೆ ವಾಂತಿ ಮಾಡಲು ಬಾರದು. ಕರುಳು ತೊಡಕಿಕೊಂಡರೆ ಅದು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಇಂತಹ ಸಮಯದಲ್ಲಿ ವೈದ್ಯನು, “ಇನ್ನು ಮಾಡುವುದೇನೂ ಇಲ್ಲ, ನೋವನ್ನು ಮುಗಿಸಿಬಿಡೋಣವೇ?” ಎಂದು ಕೇಳಿದರೆ ಶ್ರಾವಕನು ಏನೆಂದು ಉತ್ತರಿಸಬೇಕು?

ಶಾಸ್ತ್ರದ ನಿಲುವು ಸ್ಪಷ್ಟವಾಗಿದೆ. ಹತ್ತನೆಯ ಶತಮಾನದ ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದಕ್ಕೆ ಬೇಗನೆ ಬಿಡುಗಡೆಯಾಗುವುದೆಂಬ ವಾದವನ್ನು ಎತ್ತಿಕೊಂಡು ನಿರಾಕರಿಸಿದ್ದಾರೆ. ಸಲ್ಲೇಖನವನ್ನು ಇಲ್ಲಿ ಉದಾಹರಿಸುವುದೂ ಸರಿಯಲ್ಲ. ಸಲ್ಲೇಖನವು ವಿವೇಕಿಯಾದವನು ಎಚ್ಚರದಿಂದ ತಾನೇ ಸ್ವೀಕರಿಸುವ ವ್ರತವೇ ಹೊರತು ಒಬ್ಬರು ಇನ್ನೊಬ್ಬರಿಗೆ ವಿಧಿಸುವಂತಹುದಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ವೇದನೆಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಮರಣವನ್ನು ತಂದಾಗ ಅನೇಕ ಜೈನರು ಪ್ರತಿಭಟಿಸಿದರು. ಗಾಂಧೀಜಿಯವರು ವಿಷಯವನ್ನು ಮುಚ್ಚಿಡದೆ, ಅದೇ ವರ್ಷ ತಮ್ಮ ಪತ್ರಿಕೆಗಳಲ್ಲಿ ಬರೆದು, ಸ್ವಾರ್ಥವಿಲ್ಲದೆ ಆ ಜೀವಿಯ ನೋವನ್ನು ಮುಗಿಸಲೆಂದೇ ಮಾಡಿದ ಕಾರ್ಯವು ಅಹಿಂಸೆಗೆ ವಿರುದ್ಧವಲ್ಲವೆಂದು ವಾದಿಸಿದರು. ಉಭಯ ಪಕ್ಷದಲ್ಲಿಯೂ ಪ್ರಾಮಾಣಿಕರಿದ್ದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ.

ದೇಶದ ಕಾನೂನನ್ನೂ ತಿಳಿದಿರಬೇಕು. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯಂತೆ ಪ್ರಾಣಿಯನ್ನು ಉಪವಾಸ ಕೆಡಹುವುದೂ, ಅಶಕ್ತವಾದುದನ್ನು ದುಡಿಸುವುದೂ, ಸಕಾರಣವಿಲ್ಲದೆ ಬೀದಿಗೆ ಬಿಡುವುದೂ ಅಪರಾಧಗಳು. ಬದುಕಿಸಿಡುವುದೇ ಕ್ರೌರ್ಯವೆನಿಸುವ ಸ್ಥಿತಿಯಲ್ಲಿ ಅಂತ್ಯಗೊಳಿಸಲು ನಿಯಮಬದ್ಧವಾದ ಅವಕಾಶವನ್ನೂ ಅದೇ ಕಾಯಿದೆ ಇಟ್ಟಿದೆ. ಗ್ಲ್ಯಾಂಡರ್ಸ್ ಎಂಬ ಅಂಟುರೋಗವು ಕುದುರೆಯಿಂದ ಕುದುರೆಗೂ ಮನುಷ್ಯರಿಗೂ ಹರಡುವುದರಿಂದ, ಪರೀಕ್ಷೆಯಲ್ಲಿ ಅದು ಖಚಿತವಾದರೆ ಸರ್ಕಾರವು ಆ ಪ್ರಾಣಿಯನ್ನು ಉಳಿಸಗೊಡುವುದಿಲ್ಲ. ಅಂತಹ ರೋಗವನ್ನು ದಯೆಯ ಹೆಸರಿನಲ್ಲಿ ಮುಚ್ಚಿಡುವುದು ಇತರ ಜೀವಿಗಳಿಗೆ ಬಗೆಯುವ ದ್ರೋಹವಾಗುತ್ತದೆ.

ಕೊಲ್ಲುವುದಿಲ್ಲವೆಂದು ನಿಶ್ಚಯಿಸಿದ ಶ್ರಾವಕನು ತನ್ನ ಕರ್ತವ್ಯವು ಅಲ್ಲಿಗೆ ಮುಗಿಯಿತೆಂದು ಭಾವಿಸಬಾರದು. ಅವನ ಹೊರೆ ಆಗಲೇ ಆರಂಭವಾಗುತ್ತದೆ. ಪ್ರಮಾದಯೋಗದಿಂದ ಪ್ರಾಣಕ್ಕೆ ಮಾಡುವ ಘಾತವೇ ಹಿಂಸೆಯೆಂದು ಶಾಸ್ತ್ರವು ಹೇಳುತ್ತದೆ. ಖರ್ಚನ್ನು ಉಳಿಸುವುದಕ್ಕಾಗಿ ಕೊಲ್ಲಿಸುವವನಲ್ಲಿ ಪ್ರಮಾದವಿದೆ. ತನಗೆ ಪಾಪ ತಟ್ಟದಿರಲೆಂದು ಪ್ರಾಣಿಯನ್ನು ಮೂಲೆಯಲ್ಲಿ ಹುಳು ಬೀಳುವಂತೆ ಬಿಟ್ಟು, ಕೊಲ್ಲಲಿಲ್ಲವಲ್ಲಾ ಎಂದು ಸಮಾಧಾನಪಡುವವನಲ್ಲಿಯೂ ಪ್ರಮಾದವಿದೆ. ಕಣ್ಣಿಗೆ ಕಾಣದಿರಲೆಂದು ಮುದಿ ಪ್ರಾಣಿಯನ್ನು ದಲ್ಲಾಳಿಗೆ ಮಾರುವವನ ಸ್ಥಿತಿ ಇನ್ನೂ ಶೋಚನೀಯ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ಅವನು ಎರಡನೆಯದರಿಂದ ಹಿಂಸೆಯನ್ನು ಒಳಗೆ ಕರೆದುಕೊಂಡಿದ್ದಾನೆ.

ಹಾಗಾದರೆ ಮಾಡತಕ್ಕದ್ದೇನು? ನೋವನ್ನು ಶಮನಗೊಳಿಸುವ ಔಷಧಗಳೂ, ತೀವ್ರ ವೇದನೆಯಲ್ಲಿ ಮಂಪರು ಬರಿಸುವ ಔಷಧಗಳೂ ಈ ಕಾಲದಲ್ಲಿ ಉಂಟು. ಅವುಗಳನ್ನು ಪಶುವೈದ್ಯರಿಂದ ಧಾರಾಳವಾಗಿ ಕೊಡಿಸಬೇಕು. ಅಲ್ಲಿ ಹಣದ ಮುಖ ನೋಡಬಾರದು. ದಪ್ಪನಾದ ಹುಲ್ಲಿನ ಹಾಸಿರಬೇಕು. ಕೆಲವು ಗಂಟೆಗಳಿಗೊಮ್ಮೆ ನಾಲ್ಕಾರು ಜನ ಸೇರಿ ಮಗ್ಗುಲು ಬದಲಿಸಬೇಕು. ನೊಣ ಮುತ್ತದಂತೆ, ಬಾಯಿ ಒಣಗದಂತೆ ನೋಡಿಕೊಳ್ಳಬೇಕು. ರಾತ್ರಿ ಒಬ್ಬರಾದರೂ ಬಳಿಯಲ್ಲಿರಬೇಕು. ಸಾಯುತ್ತಿದ್ದ ನಾಯಿಗೆ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನೆಂದೂ, ಆ ಜೀವಿಯು ಯಕ್ಷನಾಗಿ ಜನಿಸಿತೆಂದೂ ಪುರಾಣವು ಹೇಳುತ್ತದೆ. ರಾಜಕುಮಾರನು ಅದರ ಬಳಿಗೆ ಬಾಗಿ, ಕಿವಿಯಲ್ಲಿ ಆ ಮಂತ್ರವನ್ನು ಉಸುರಿದನೆಂಬುದನ್ನು ಎಲ್ಲರೂ ಗಮನಿಸಬೇಕು. ಇಷ್ಟನ್ನೂ ಮಾಡಲು ಸಿದ್ಧನಾದವನಿಗೆ ಮಾತ್ರ, ಕೊಲ್ಲಗೊಡುವುದಿಲ್ಲವೆಂದು ವೈದ್ಯರಿಗೆ ಹೇಳುವ ಅಧಿಕಾರವುಂಟು. ಔಷಧಕ್ಕೂ ಬಗ್ಗದ ನೋವಿನ ಮುಂದೆ ಬೇರೆ ನಿರ್ಣಯವನ್ನು ಕೈಗೊಂಡ ಅನ್ಯರನ್ನು ಕಟುಕರೆಂದು ಹಳಿಯುವುದೂ ಸಲ್ಲದು. ತನ್ನ ವ್ರತವನ್ನು ತಾನು ಪಾಲಿಸಬೇಕು. ಪರರ ಕಣ್ಣೀರನ್ನು ಗೌರವಿಸಬೇಕು.

ಕೊನೆಯದಾಗಿ, ಸಮಾಜವು ಕೈಗೊಳ್ಳಬಹುದಾದ ಸಣ್ಣ ಕಾರ್ಯವೊಂದಿದೆ. ಪ್ರತಿಷ್ಠಾ ಮಹೋತ್ಸವಗಳ ಮೆರವಣಿಗೆಗೆ ಆನೆ ಕುದುರೆಗಳನ್ನು ಬಾಡಿಗೆಗೆ ತರಿಸುವ ಪದ್ಧತಿ ಹಲವೆಡೆ ಉಂಟು. ನೇಮಿಕುಮಾರನು ತನ್ನ ಮದುವೆಯ ದಿಬ್ಬಣದಲ್ಲಿ ಸಾಗುತ್ತಿದ್ದಾಗ, ವಾದ್ಯಘೋಷಗಳ ನಡುವೆಯೂ, ಔತಣಕ್ಕಾಗಿ ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿಸಿಕೊಂಡು ರಥವನ್ನು ಹಿಂದಿರುಗಿಸಿದನು. ಜೈನರ ಮೆರವಣಿಗೆಯಲ್ಲಿ ನಡೆಯುವ ಕುದುರೆಯ ಬೆನ್ನಿನ ವಸ್ತ್ರದ ಕೆಳಗೆ ಹುಣ್ಣಿರಬಾರದು. ಬಾಡಿಗೆಗೆ ಒಪ್ಪುವ ಮುನ್ನ ವಸ್ತ್ರವನ್ನು ಎತ್ತಿ ನೋಡಬೇಕು. ಗೊರಸು, ಬಾಯಿ, ಕಣ್ಣುಗಳನ್ನು ಪಶುವೈದ್ಯರಿಂದ ಪರೀಕ್ಷಿಸಬೇಕು. ಸುಡುಬಿಸಿಲಿನ ಡಾಂಬರು ರಸ್ತೆಯಲ್ಲಿ ನಡೆಸಬಾರದು. ನೀರು ನೆರಳುಗಳ ಏರ್ಪಾಡಿರಬೇಕು. ಕುದುರೆ ಅಶಕ್ತವಾಗಿದ್ದರೆ ಅದನ್ನು ಹಿಂದಕ್ಕೆ ಕಳುಹಿಸಿದರೆ ಸಾಲದು, ಬಾಡಿಗೆಯ ಹಣವನ್ನು ಅದರ ಚಿಕಿತ್ಸೆಗೇ ಕೊಡಬೇಕು. ಮಹೋತ್ಸವದ ಸವಾಲುಗಳಲ್ಲಿ ಬರುವ ದ್ರವ್ಯದಿಂದ ಒಂದಂಶವನ್ನು ಊರಿನ ಮುದಿ ಪ್ರಾಣಿಗಳ ಔಷಧಕ್ಕೆಂದು ಬೇರೆಯಾಗಿ ಜಮೆ ಮಾಡಿಟ್ಟರೆ, ಹರಾಜಿನ ಕಟ್ಟೆಗೆ ಹೋಗುವ ಒಂದೆರಡು ಜೀವಿಗಳಾದರೂ ತಮ್ಮ ಹಟ್ಟಿಯಲ್ಲಿಯೇ ಕೊನೆಯುಸಿರನ್ನು ಎಳೆಯಬಹುದು.

ಶಿಲೆಯ ಬಿಂಬಕ್ಕೆ ಪ್ರಾಣಪ್ರತಿಷ್ಠೆಯನ್ನು ಮಾಡಿದ ಸಮಾಜವು ಪ್ರಾಣವಿರುವ ಜೀವಿಗಳ ಕೊನೆಗಾಲವನ್ನು ಕಡೆಗಣಿಸದಿರಲಿ. ಅಶ್ವಲಾಂಛನನಾದ ಶ್ರೀ ಸಂಭವನಾಥ ಸ್ವಾಮಿಯ ಸನ್ನಿಧಿಯಲ್ಲಿ ಕೈಮುಗಿಯುವಾಗ ಪೀಠದ ಮೇಲಿನ ಆ ಚಿಕ್ಕ ಕುದುರೆಯತ್ತಲೂ ಒಮ್ಮೆ ದೃಷ್ಟಿ ಹರಿಯಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.

ಜಯ ಜಿನೇಂದ್ರ.